ರೆಸ್ಕ್ಯೂ ಎಂದರೆ ಏನು? ರಕ್ಷಣೆ, ಸ್ಥಳಾಂತರ, ಪರಿಹಾರ ಮೂರೂ ಒಂದೇನಾ?

ಸಂಕ್ಷಿಪ್ತವಾಗಿ: ಅಪಾಯದಲ್ಲಿ ಸಿಲುಕಿದವರನ್ನು ಹೊರತರುವುದೇ ರೆಸ್ಕ್ಯೂ. ಅಪಾಯ ಬರುವ ಮೊದಲೇ ಜಾಗ ಬದಲಿಸುವುದು ಸ್ಥಳಾಂತರ. ಆಮೇಲೆ ಊಟ, ವಸತಿ, ಔಷಧ ಒದಗಿಸುವುದು ಪರಿಹಾರ. ನದಿ ದಂಡೆಯ ಊರುಗಳಲ್ಲಿ ಈ ವ್ಯತ್ಯಾಸ ತಿಳಿದಿರುವುದು ಜೀವ ಉಳಿಸಬಲ್ಲದು.

ಮಳೆಗಾಲದಲ್ಲಿ ಘಟಪ್ರಭಾ ನದಿ ಉಕ್ಕಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದವರ ಮೊಬೈಲ್‌ಗಳಲ್ಲಿ 'ರೆಸ್ಕ್ಯೂ' ಎಂಬ ಪದ ಹರಿದಾಡುತ್ತದೆ. ಬೋಟ್‌ನಲ್ಲಿ ಕರೆತಂದರೂ ರೆಸ್ಕ್ಯೂ, ಟ್ರ್ಯಾಕ್ಟರ್‌ನಲ್ಲಿ ಶಾಲೆಗೆ ಕಳಿಸಿದರೂ ರೆಸ್ಕ್ಯೂ, ಊಟದ ಪೊಟ್ಟಣ ಕೊಟ್ಟರೂ ರೆಸ್ಕ್ಯೂ! ಹಾಗಾದರೆ ಈ ಪದದ ನಿಜವಾದ ಅರ್ಥವೇನು? ಬನ್ನಿ, ನೋಡೋಣ.

ಪದದ ಅರ್ಥ ಮತ್ತು ಮೂಲ

ಇಂಗ್ಲಿಷ್‌ನಲ್ಲಿ ರೆಸ್ಕ್ಯೂ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಇದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದ ಪದ. ಅದರ ಬೇರು ಇರುವುದು 'ಕೊಡವಿ ಹಾಕು' ಎಂಬ ಅರ್ಥದ ಲ್ಯಾಟಿನ್ ಪದದಲ್ಲಿ. ಅಂದರೆ ಹಿಡಿದುಕೊಂಡ ಅಪಾಯವನ್ನು ಕೊಡವಿ ಬಿಡಿಸಿಕೊಳ್ಳುವುದು. ಆದ್ದರಿಂದ ಈ ಪದಕ್ಕೆ ಎರಡು ಷರತ್ತುಗಳಿವೆ: ಅಪಾಯ ಎದುರಿಗಿರಬೇಕು, ಬೇರೊಬ್ಬರು ಬಂದು ಬಿಡಿಸಬೇಕು.

ಕನ್ನಡದಲ್ಲಿ ಇದಕ್ಕೆ ಪಾರು ಮಾಡು, ಕಾಪಾಡು, ಉಳಿಸು, ಬಿಡಿಸು, ಬಚಾವ್ ಮಾಡು ಎನ್ನುತ್ತೇವೆ. ಇವುಗಳಲ್ಲಿ ಹೆಚ್ಚು ಹತ್ತಿರದ್ದು 'ಪಾರು ಮಾಡು'. 'ಪಾರ' ಎಂದರೆ ಆಚೆ ದಡ. ಹೊಳೆ ದಾಟಿಸಿ ಆಚೆ ದಡಕ್ಕೆ ಮುಟ್ಟಿಸುವ ಚಿತ್ರ ಆ ಪದದಲ್ಲೇ ಇದೆ.

ಸಮಾನಾರ್ಥಕ ಪದಗಳು

- ಸೇವ್: ಉಳಿಸು. ಜೀವ, ಹಣ, ಸಮಯ, ಕಂಪ್ಯೂಟರ್ ಫೈಲ್ ಎಲ್ಲಕ್ಕೂ ಬಳಸಬಹುದು. ಅಪಾಯ ಇರಲೇಬೇಕೆಂದಿಲ್ಲ.
- ಫ್ರೀ, ರಿಲೀಸ್, ಲಿಬರೇಟ್: ಬಂಧನದಿಂದ ಬಿಡಿಸು.
- ಎಕ್ಸ್‌ಟ್ರಿಕೇಟ್: ಸಿಕ್ಕಿಹಾಕಿಕೊಂಡಿದ್ದನ್ನು ಜೋಪಾನವಾಗಿ ಹೊರತೆಗೆ. ಉದಾಹರಣೆಗೆ, ಕುಸಿದ ಗೋಡೆಯ ಅಡಿ ಸಿಲುಕಿದವರನ್ನು.
- ಡೆಲಿವರ್, ರಿಡೀಮ್: ಉದ್ಧರಿಸು. ಧಾರ್ಮಿಕ ಬರಹಗಳಲ್ಲಿ ಹೆಚ್ಚು.
- ಸಾಲ್ವೇಜ್: ಹಾಳಾದುದರಲ್ಲಿ ಉಳಿದಷ್ಟನ್ನು ತೆಗೆದುಕೊಳ್ಳು. ಇದು ವಸ್ತುಗಳಿಗೆ, ಮನುಷ್ಯರಿಗಲ್ಲ.
- ರಿಕವರ್: ಹೊರತೆಗೆ, ಮರಳಿ ಪಡೆ. ಶವ ಸಿಕ್ಕಾಗ ಸುದ್ದಿಗಳಲ್ಲಿ ಈ ಪದ ಬರುತ್ತದೆ, ರೆಸ್ಕ್ಯೂ ಬರುವುದಿಲ್ಲ.

ಪ್ರೊಟೆಕ್ಟ್ ಪದವನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ಅಪಾಯ ತಟ್ಟದಂತೆ ಕಾಯುವುದು. ಕನ್ನಡದಲ್ಲಿ ಎರಡಕ್ಕೂ 'ರಕ್ಷಣೆ' ಎಂದೇ ಬರೆಯುವುದರಿಂದ ಗೊಂದಲ ಶುರುವಾಗುತ್ತದೆ.

ಪ್ರವಾಹದಲ್ಲಿ ಈ ವ್ಯತ್ಯಾಸ ಏಕೆ ಮುಖ್ಯ?

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ. ಅದು ತುಂಬಿ ಬಿಟ್ಟ ನೀರಿನ ಜೊತೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ನೀರೂ ಸೇರಿದರೆ ಗೋಕಾಕದ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ, ಲೋಳಸೂರ ಸೇತುವೆ ಮುಳುಗುತ್ತದೆ. ಕೆಳಗಿನ ಮೂಡಲಗಿ ತಾಲೂಕಿನ ಹಳ್ಳಿಗಳಿಗೂ ದಾರಿ ಕಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಹೀಗೇ ಆಯಿತು. 2021 ಮತ್ತು 2024ರ ಜುಲೈನಲ್ಲೂ ಜನ ಮನೆ ಬಿಡಬೇಕಾಯಿತು.

'ಹೊಳಿ ಬಂತು' ಎಂದು ಡಂಗುರ ಸಾರಿದಾಗಲೂ 'ಬೋಟ್ ಬರ್ತೈತಿ, ಆಮೇಲೆ ಹೋದ್ರಾತು' ಎನ್ನುವವರಿದ್ದಾರೆ. ಇದು ಹಟವಷ್ಟೇ ಅಲ್ಲ. ದನಕರು ಬಿಟ್ಟು ಹೋಗುವುದು ಹೇಗೆ, ಮನೆ ಸಾಮಾನು ಕಾಯುವವರು ಯಾರು ಎಂಬ ಚಿಂತೆಯೂ ಇದೆ. ಆದರೆ ಸ್ಥಳಾಂತರವೂ ಬೋಟ್ ರಕ್ಷಣೆಯೂ ಒಂದೇ ಎಂದು ಭಾವಿಸುವುದು ತಪ್ಪು. ಮೊದಲನೆಯದರಲ್ಲಿ ರಸ್ತೆ ತೆರೆದಿರುತ್ತದೆ, ಹಗಲಿರುತ್ತದೆ, ದನಕರು, ಔಷಧ, ಕಾಗದಪತ್ರ ಜೊತೆಗೆ ಬರುತ್ತವೆ. ಎರಡನೆಯದರಲ್ಲಿ ಜೀವವೊಂದನ್ನೇ ತರಬಹುದು. ತರಲು ಬಂದವರ ಜೀವವೂ ಪಣಕ್ಕಿರುತ್ತದೆ.

ವೇಗವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಸುಮಾರು 60 ಸೆಂಟಿಮೀಟರ್ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ. ಮುಳುಗಿದ ಸೇತುವೆಯ ಮೇಲೆ ಬೈಕ್ ಓಡಿಸುವುದು ಧೈರ್ಯವಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಕೂಡ ಸ್ಥಳಾಂತರ, ರಕ್ಷಣೆ, ಪರಿಹಾರ, ಪುನರ್ವಸತಿಯನ್ನು ಬೇರೆ ಬೇರೆ ಪದಗಳಲ್ಲಿ ಹೆಸರಿಸುತ್ತದೆ. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದ, ಈಗಿನ ಕಾಳಜಿ ಕೇಂದ್ರ ಪರಿಹಾರದ ಭಾಗ. ಬಿದ್ದ ಮನೆ ಮತ್ತೆ ಕಟ್ಟಿಕೊಡುವುದು ಪುನರ್ವಸತಿ. 'ಎಲ್ಲರನ್ನೂ ರಕ್ಷಿಸಲಾಗಿದೆ' ಎಂಬ ಸುದ್ದಿ ಬಂದ ಮಾತ್ರಕ್ಕೆ ಈ ಎರಡು ಕೆಲಸ ಮುಗಿದಿವೆ ಎಂದರ್ಥವಲ್ಲ.

ಯಾರಾದರೂ ನೀರಿಗೆ ಸಿಲುಕಿದರೆ?

- ಈಜು ಬಂದರೂ ನೇರವಾಗಿ ನೀರಿಗೆ ಹಾರಬೇಡಿ. ಮುಳುಗುವವರು ಗಾಬರಿಯಲ್ಲಿ ನಿಮ್ಮನ್ನೂ ಎಳೆದುಕೊಳ್ಳಬಹುದು.
- ದಡದಲ್ಲಿ ಮಲಗಿ ಬಿದಿರು ಅಥವಾ ಕೋಲು ಚಾಚಿ. ಅದು ಎಟುಕದಿದ್ದರೆ ಹಗ್ಗ, ಟ್ಯೂಬ್ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.
- 112ಕ್ಕೆ ಕರೆ ಮಾಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಊರು, ಹತ್ತಿರದ ಗುರುತು, ಎಷ್ಟು ಜನ ಎಂಬುದನ್ನು ಮೊದಲು ಹೇಳಿ.

ಒಟ್ಟಿನಲ್ಲಿ, ರೆಸ್ಕ್ಯೂ ಎನ್ನುವುದು ಬೇರೆಲ್ಲ ದಾರಿ ಮುಚ್ಚಿದ ಮೇಲಿನ ಕೊನೆಯ ದಾರಿ. ಮುಂದಿನ ಬಾರಿ ಡಂಗುರ ಕೇಳಿದಾಗ ಬೋಟ್‌ಗೆ ಕಾಯದೆ ರಸ್ತೆ ಇರುವಾಗಲೇ ಹೊರಡೋಣ.