ಸುಸ್ತಿಗೂ ಒಂದು ಅಳತೆ

ಇಂಜಿನಿಯರಿಂಗ್ ಓದುವಾಗ ಎರಡು ವರ್ಷ ಟೇಕ್ವಾಂಡೋ ಕಲಿತಿದ್ದೆ. ಅಲ್ಲಿ "ಸುಸ್ತಾಗಿದೆ ಸರ್" ಅಂದವನಿಗೆ ಇನ್ನೂ ಐವತ್ತು ಪುಷಪ್ಸ್. ಹಾಗಾಗಿ ಯಾರೂ ಬಾಯಿ ಬಿಡ್ತಿರಲಿಲ್ಲ. ನಾನಂತೂ ಮಂಡಿ ಊದಿಕೊಂಡು ಕ್ಲಾಸ್ ಬಿಡುವ ತನಕ ಹೇಳಲೇ ಇಲ್ಲ. ಸುಸ್ತು ಅಂದ್ರೆ ನೆಪ ಅಂತಲೇ ನಂಬಿದ್ದೆ.

ಸ್ವೀಡನ್ನಿನ ಗುನ್ನಾರ್ ಬೋರ್ಗ್ (1927-2020) ಹಾಗೆ ನಂಬಿರಲಿಲ್ಲ. ಈ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಜನರಿಂದ ಸೈಕಲ್ ತುಳಿಸಿ, ಎಷ್ಟು ಕಷ್ಟ ಅನ್ನಿಸ್ತಿದೆ ಅಂತ ಅವರನ್ನೇ ಕೇಳಿದ. ಅವನ ಪ್ರಸಿದ್ಧ ಮಾಪಕ ಶುರುವಾಗೋದು 6ರಿಂದ, ಮುಗಿಯೋದು 20ಕ್ಕೆ. ಸೊನ್ನೆಯಿಂದ ಎಣಿಸುವ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದೆಂಥ ವಿಚಿತ್ರ ಅನ್ನಿಸುತ್ತೆ! ಲೆಕ್ಕ ಸುಲಭ: ಹತ್ತರಿಂದ ಗುಣಿಸಿದ್ರೆ ಆರೋಗ್ಯವಂತ ಯುವಕನ ಎದೆಬಡಿತ ಹೆಚ್ಚು ಕಡಿಮೆ ಸಿಗುತ್ತೆ. ಸುಮ್ಮನೆ ಕೂತಾಗ 60, ಏದುಸಿರು ಬಿಡುವಾಗ 200. 1982ರಲ್ಲಿ 0ಯಿಂದ 10ರ ಇನ್ನೊಂದು ಮಾಪಕವನ್ನೂ ಕೊಟ್ಟ.

ಅದನ್ನು ಕ್ರೀಡಾಪಟುಗಳ ದಿನಚರಿಗೆ ತಂದವನು ಅಮೆರಿಕದ ಕಾರ್ಲ್ ಫಾಸ್ಟರ್, 1990ರ ದಶಕದಲ್ಲಿ. ತರಬೇತಿ ಮುಗಿದು ಅರ್ಧ ಗಂಟೆಯಾದ ಮೇಲೆ ಒಂದೇ ಪ್ರಶ್ನೆ: ಇವತ್ತು ಹೇಗಿತ್ತು? ಹೇಳಿದ ಅಂಕಿಯನ್ನು ನಿಮಿಷಗಳಿಂದ ಗುಣಿಸು. 90 ನಿಮಿಷ, ಅಂಕಿ 7, ಹೊರೆ 630. ಅಷ್ಟೇ. (ಅರ್ಧ ಗಂಟೆ ಯಾಕಪ್ಪಾ ಅಂದ್ರೆ, ಕೊನೇ ಐದು ನಿಮಿಷದ ಏಟಿನ ಉರಿಯಲ್ಲಿ ಇಡೀ ಕ್ಲಾಸಿಗೆ ಮಾರ್ಕ್ಸ್ ಕೊಡಬಾರದಲ್ಲ!)

ಸಮರಕಲೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಓಟಗಾರನಿಗೆ ಕಿಲೋಮೀಟರ್ ಇದೆ, ಭಾರ ಎತ್ತುವವನಿಗೆ ಕಿಲೋ ಇದೆ. ಒದೆಯುವವನಿಗೆ? ಎದೆಬಡಿತದ ಪಟ್ಟಿ ಕಟ್ಟಿಕೊಂಡ್ರೆ ಅದರ ಮೇಲೇ ಒದೆ ಬೀಳುತ್ತೆ. ಟ್ಯುನೀಷಿಯಾದ ಸಂಶೋಧಕರು ಎಳೆಯ ಟೇಕ್ವಾಂಡೋ ಪಟುಗಳ ಕಠಿಣ ಶಿಬಿರವೊಂದರಲ್ಲಿ ಈ ವಿಧಾನವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಹುಡುಗರು ಹೇಳಿದ ಅಂಕಿಗೂ ಎದೆಬಡಿತದ ಲೆಕ್ಕಕ್ಕೂ ತಾಳೆ ಇತ್ತು. ಅಂದ್ರೆ ಹುಡುಗರು ನೆಪ ಹೇಳ್ತಿರಲಿಲ್ಲ.

ನನ್ನನ್ನು ತಟ್ಟಿದ್ದು ಮಾತ್ರ 2001ರ ಫಾಸ್ಟರ್ ತಂಡದ ಇನ್ನೊಂದು ಅಧ್ಯಯನ. ಅದರಲ್ಲಿ ಓಟಗಾರರ ಕೋಚ್ ಅಂದುಕೊಂಡದ್ದನ್ನೂ ಓಟಗಾರರು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟರು. ಕೋಚ್ "ಇವತ್ತು ಹಗುರ" ಅಂದ ದಿನ ಶಿಷ್ಯರು ಅದಕ್ಕಿಂತ ಹೆಚ್ಚು ದಣಿದಿದ್ದರು, "ಇವತ್ತು ಕಠಿಣ" ಅಂದ ದಿನ ಅಂದುಕೊಂಡಷ್ಟು ದಣಿದಿರಲಿಲ್ಲ. ವಿಶ್ರಾಂತಿ ಅಂತ ಕೊಟ್ಟ ದಿನ ವಿಶ್ರಾಂತಿ ಆಗಿರಲೇ ಇಲ್ಲ. ಕೋಚ್ ಕೆಟ್ಟವನೇನಲ್ಲ, ಕೇಳದೆ ಗೊತ್ತಾಗೋದಿಲ್ಲ ಅಷ್ಟೇ.

ಇದನ್ನೆಲ್ಲ ನಮ್ಮ ಸರ್‌ಗೆ ಕಳಿಸೋಣ ಅಂತ ಮೆಸೇಜ್ ಟೈಪ್ ಮಾಡಿದೆ. ಐವತ್ತು ಪುಷಪ್ಸ್ ನೆನಪಾಗಿ ಅಳಿಸಿದೆ :-) ನಿಮ್ಮಲ್ಲಿ ಕರಾಟೆ, ಜೂಡೋ ಕಲಿತವರಿದ್ರೆ ಹೇಳಿ, ನಿಮ್ಮನ್ನು ಯಾರಾದ್ರೂ ಕೇಳಿದ್ರಾ?