ಅಮಿಗಾ ಯಂತ್ರದಿಂದ ಶುರುವಾದ ಪಹರೆ

1998ರ ಜುಲೈನಲ್ಲಿ ಹೊರಬಂದ, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ 2.0 ಇಂಟೆಲ್ ಯಂತ್ರಗಳಲ್ಲಿ ಮಾತ್ರವಲ್ಲ, ಮೊಟೊರೊಲಾ 68000 ಸರಣಿಯ ಚಿಪ್‌ಗಳಲ್ಲೂ ಓಡಿತು. ಅಮಿಗಾ, ಅಟಾರಿಯಂಥ ಆ ಯಂತ್ರಗಳು ಬಲು ನಿಧಾನ. ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಕೈಯಾರೆ ಕಂಪೈಲ್ ಮಾಡುತ್ತ ಕೂರುವುದು ಆಗದ ಮಾತು. ಆ ಪಾಡಿನಿಂದ ಹುಟ್ಟಿದ ತಂತ್ರಾಂಶವೇ ‘ಬಿಲ್ಡ್‌ಡಿ’.

ಅದರ ಕೆಲಸ ನೋಡಲು ಸರಳ. ಸರದಿಯಲ್ಲಿರುವ ಪ್ಯಾಕೇಜೊಂದನ್ನು ಎತ್ತಿಕೊಳ್ಳುತ್ತದೆ, ಖಾಲಿ ಅಂಗಳದಂಥ ಪರಿಸರದಲ್ಲಿ ಇಡುತ್ತದೆ, ಬೇಕೆಂದು ಬರೆದುಕೊಟ್ಟ ಸಲಕರಣೆಗಳನ್ನಷ್ಟೇ ಒದಗಿಸಿ ಕಟ್ಟಲು ತೊಡಗುತ್ತದೆ. ಪಟ್ಟಿಯಲ್ಲಿ ಒಂದು ಲೈಬ್ರರಿಯ ಹೆಸರು ಬಿಟ್ಟುಹೋಗಿದ್ದರೂ ಸಾಕು, ಕೆಲಸ ಅಲ್ಲೇ ನಿಲ್ಲುತ್ತದೆ. ಬರೆದವರ ಕಂಪ್ಯೂಟರಿನಲ್ಲಿ ಆ ಲೈಬ್ರರಿ ಮೊದಲೇ ಇದ್ದುದರಿಂದ ಅವರಿಗೆ ಸುಳಿವೇ ಸಿಕ್ಕಿರುವುದಿಲ್ಲ. ಇಂಥ ಸೋಲಿಗೆ ಡೆಬಿಯನ್ ಬಳಗದಲ್ಲಿ ‘ಎಫ್‌ಟಿಬಿಎಫ್‌ಎಸ್’ ಎಂಬ ಹೆಸರೇ ಇದೆ: ಮೂಲದಿಂದ ಕಟ್ಟಲಾಗದ್ದು.

2002ರ ಡೆಬಿಯನ್ 3.0 ಹೊತ್ತಿಗೆ 11 ಬಗೆಯ ಯಂತ್ರಗಳಿಗೆ ಬೆಂಬಲವಿತ್ತು. ಈ ಕಾವಲಿಲ್ಲದೆ ಅಷ್ಟನ್ನೂ ಸಂಭಾಳಿಸುವುದು ಕಲ್ಪನೆಗೂ ನಿಲುಕದು.

2013ರ ಸುಮಾರಿಗೆ ಪರೀಕ್ಷೆ ಇನ್ನೂ ಬಿಗಿಯಾಯಿತು. ಅದೇ ಪ್ಯಾಕೇಜನ್ನು ಎರಡು ಸಲ ಕಟ್ಟಿ, ಫಲಿತಾಂಶ ಬೈಟ್ ಬೈಟಿಗೂ ಹೊಂದುತ್ತದೆಯೇ ಎಂದು ನೋಡುವ ಪ್ರಯತ್ನ ಶುರುವಾಯಿತು. ಎರಡನೇ ಸಲಕ್ಕೆ ಗಡಿಯಾರವನ್ನು ಬೇಕೆಂದೇ ವರ್ಷಕ್ಕೂ ಮುಂದೆ ತಿರುಗಿಸುತ್ತಾರೆ. ಫೈಲಿನೊಳಗೆ ತಾರೀಖು ನುಸುಳಿದ್ದರೆ ಸಿಕ್ಕಿಬೀಳುತ್ತದೆ. ಪರೀಕ್ಷೆಗೆಂದು ಇಟ್ಟಿದ್ದ ಡಿಜಿಟಲ್ ಪ್ರಮಾಣಪತ್ರದ ಅವಧಿ ಅಷ್ಟರಲ್ಲಿ ಮುಗಿಯುವಂತಿದ್ದರೆ ಅದೂ ಇವತ್ತೇ ಬಯಲಾಗುತ್ತದೆ.