ಶಿಕ್ಷಣ ಅನುದಾನ: ಕರ್ನಾಟಕದಲ್ಲಿ ನಡೆದು ಬಂದ ದಾರಿ

ಮಠಗಳು, ಮಿಷನ್‌ಗಳು, ಸಂಘಸಂಸ್ಥೆಗಳು ನಡೆಸುವ ಶಾಲಾ ಕಾಲೇಜುಗಳಿಗೆ ಸರ್ಕಾರ ನಿಯಮಗಳಿಗೆ ಒಳಪಟ್ಟು ಕೊಡುವ ಹಣಕ್ಕೆ ಅನುದಾನವೆಂದು ಹೆಸರು. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುವ ನಿರ್ವಹಣಾ ಮೊತ್ತವನ್ನೂ ಜನ ಹಾಗೆಯೇ ಕರೆಯುತ್ತಾರೆ. ಆಡಳಿತ ಮಂಡಳಿಯವರಿಗೆ ಇದು ‘ಗ್ರ್ಯಾಂಟ್’. ಮೇಷ್ಟ್ರುಗಳ ಬಾಯಲ್ಲಿ ‘ಏಡೆಡ್’ ಎಂದರೆ ತಿಂಗಳ ಸಂಬಳ ಖಾತ್ರಿ ಎಂದೇ ಅರ್ಥ. ಈ ಹಣದ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಸರ್ಕಾರ ಯಾವುದನ್ನು ಎಣಿಸಿ ದುಡ್ಡು ಕೊಟ್ಟಿತೋ ಶಾಲೆ ಅದನ್ನೇ ಬೆಳೆಸಿಕೊಂಡಿತು, ಎಣಿಕೆಗೆ ಸಿಗದ್ದನ್ನು ಊರು ಹೊತ್ತುಕೊಂಡಿತು.

ಕಲಿಕೆಗೆ ರಾಜಾಶ್ರಯ ಈ ನಾಡಿನಲ್ಲಿ ಹಳೆಯದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ದತ್ತಿ ವಿವರ ಅದರಲ್ಲಿದೆ. ದೂರದಿಂದ ಬಂದ ವಿದ್ಯಾರ್ಥಿಗಳ ವಸತಿಗೆ ನಿವೇಶನ, ಉಪಾಧ್ಯಾಯನಿಗೆ ಭೂಮಿ, ರಾತ್ರಿ ಓದುವ ದೀಪದ ಖರ್ಚಿಗೆಂದೇ ಪ್ರತ್ಯೇಕ ಭೂಮಿ. ಊರವರು ಮದುವೆ, ಉಪನಯನಗಳ ಹೊತ್ತಿನಲ್ಲಿ ಗೊತ್ತಾದ ಕಾಣಿಕೆ ಸಲ್ಲಿಸಬೇಕಿತ್ತು. ದೀಪದೆಣ್ಣೆಯವರೆಗೂ ಯೋಚಿಸಿದ ಆ ಪಟ್ಟಿಯನ್ನು ಓದುವಾಗ ಇಂದಿನ ಅನೇಕ ಆದೇಶಗಳಿಗಿಂತ ಅದು ಶಾಲೆಯನ್ನು ಹತ್ತಿರದಿಂದ ಕಂಡಿತ್ತು ಎನಿಸುತ್ತದೆ. ಆದರೆ ಆ ವಿದ್ಯೆ ಕೆಲವರಿಗಷ್ಟೇ ಮೀಸಲು. ಹಳ್ಳಿಯ ಕೂಲಿ ಮಠಗಳಲ್ಲಿ ಅಯ್ಯನವರು ಮರಳ ಮೇಲೆ ಅಕ್ಷರ ತಿದ್ದಿಸಿ, ಕಾಳುಕಡಿಯಲ್ಲಿ ಸಂಭಾವನೆ ಪಡೆಯುತ್ತಿದ್ದರು. ಅದು ಹೆತ್ತವರ ಮನೆಯಿಂದ ಬಂದದ್ದು, ಅರಮನೆಯಿಂದಲ್ಲ.

ಇಂದಿನ ಅರ್ಥದ ಅನುದಾನ ಹುಟ್ಟಿದ್ದು 1854ರಲ್ಲಿ, ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ಪತ್ರದಿಂದ. ಇಡೀ ದೇಶಕ್ಕೆ ಶಾಲೆ ಕಟ್ಟುವ ಖರ್ಚನ್ನು ಕಂಪನಿ ಸರ್ಕಾರ ಹೊರಲು ಸಿದ್ಧವಿರಲಿಲ್ಲ. ಸ್ಥಳೀಯರು ಶಾಲೆ ನಡೆಸಲಿ, ಸರ್ಕಾರ ಒಂದಿಷ್ಟು ಕೈಜೋಡಿಸಲಿ ಎಂಬುದು ಅದರ ತಿರುಳು. ಕೆಲವು ಷರತ್ತುಗಳಿದ್ದವು. ಲೌಕಿಕ ಶಿಕ್ಷಣ ಚೆನ್ನಾಗಿರಬೇಕು, ಆಡಳಿತ ಹೊಣೆಯುಳ್ಳವರ ಕೈಯಲ್ಲಿರಬೇಕು, ಸರ್ಕಾರಿ ತಪಾಸಣೆಗೆ ಒಪ್ಪಬೇಕು, ಎಷ್ಟೇ ಚಿಕ್ಕದಾದರೂ ಫೀ ಪಡೆಯಬೇಕು. ಕೊನೆಯ ಷರತ್ತು ಬಡವರ ಮಕ್ಕಳ ಪಾಲಿಗೆ ಬಾಗಿಲಿಗೆ ಹಾಕಿದ ಚಿಲಕದಂತಿತ್ತು. ಮಂಗಳೂರು, ಧಾರವಾಡ ಸೀಮೆಗಳಲ್ಲಿ ಆಗಲೇ ಶಾಲೆ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನಂಥವರಿಗೆ ಈ ಏರ್ಪಾಡು ಬೇಗ ಒಗ್ಗಿತು.

ಮದ್ರಾಸ್ ಮತ್ತು ಮುಂಬೈ ಪ್ರಾಂತಗಳಲ್ಲಿ 1860ರ ದಶಕದಿಂದ ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ಪದ್ಧತಿ ಬಳಕೆಗೆ ಬಂತು. ಇನ್ಸ್‌ಪೆಕ್ಟರ್ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ, ಬರೆಸಿ, ಲೆಕ್ಕ ಕೇಳಿ, ಪಾಸಾದವರ ತಲೆಯೆಣಿಕೆಯ ಮೇಲೆ ಗ್ರ್ಯಾಂಟು ಬರೆಯುತ್ತಿದ್ದರು. ಒಂದು ಮಗು ಹೆದರಿ ತಡವರಿಸಿದರೆ ಅಷ್ಟು ದುಡ್ಡು ಖೋತಾ. ಹಾಗಾಗಿ ಮೇಷ್ಟ್ರುಗಳು ಅರ್ಥಕ್ಕಿಂತ ಬಾಯಿಪಾಠವನ್ನು ನೆಚ್ಚಿದರು, ಚುರುಕಾದ ಮಕ್ಕಳ ಮೇಲೆ ಗಮನ ಇಟ್ಟರು, ಹಿಂದುಳಿದವರು ಹಿಂದೆಯೇ ಉಳಿದರು. ಮಗುವಿನ ನಾಲಿಗೆಯ ತುದಿಗೆ ಗುರುವಿನ ಅನ್ನವನ್ನು ಕಟ್ಟಿದ ಈ ಪದ್ಧತಿ ಮಾಡಿದ ಹಾನಿ ಸಣ್ಣದಲ್ಲ. ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಅದನ್ನು ಕೈಬಿಡುವ ನಿಲುವು ತಳೆಯಿತು. ಬಾಯಿಪಾಠದ ಚಟ ಮಾತ್ರ ಆದೇಶದಿಂದ ಹೋಗುವಂಥದ್ದಾಗಿರಲಿಲ್ಲ.

ಮೈಸೂರು ಸಂಸ್ಥಾನದ ದಾರಿ ಬೇರೆ. ಶಿಕ್ಷಣಾಧಿಕಾರಿ ಲೂಯಿ ರೈಸ್ 1868ರಲ್ಲಿ ತಂದ ಹೋಬಳಿ ಶಾಲೆಗಳ ಯೋಜನೆಯಲ್ಲಿ ಕಟ್ಟಡ ಊರವರದು, ತರಬೇತಿ ಪಡೆದ ಮೇಷ್ಟರು ಸರ್ಕಾರದವರು. ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಕಡ್ಡಾಯ ಶಿಕ್ಷಣ ಮಸೂದೆ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರಕ್ಕೆ, ಒಂದು ಪಾಲು ಸ್ಥಳೀಯ ಸಂಸ್ಥೆಗಳಿಗೆ ಎಂದು ಹಂಚಿತ್ತು. ಅಲ್ಲಿ ಅದು ಬಿದ್ದುಹೋಯಿತು. ಮೈಸೂರು ಮಾತ್ರ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲೇ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ತಂದಿತು. 1916ರಲ್ಲಿ ತನ್ನದೇ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿತು. ಪ್ರಾಥಮಿಕ ಶಾಲೆಗಳನ್ನು 1930ರ ಕಾಯಿದೆ ಸ್ಥಳೀಯ ಶಿಕ್ಷಣ ಮಂಡಳಿಗಳಿಗೆ ಒಪ್ಪಿಸಿತು, 1941ರ ಕಾಯಿದೆ ಮತ್ತೆ ಸರ್ಕಾರದ ಕೈಗೆ ತಂದಿತು. ಹನ್ನೊಂದೇ ವರ್ಷಗಳ ಈ ಹೋಗುಬರವು ಇಂದಿನ ಪಂಚಾಯಿತಿ–ಇಲಾಖೆ ಜಗ್ಗಾಟಕ್ಕೆ ಹಳೆಯ ಮುನ್ನುಡಿ.

ಉತ್ತರ ಕರ್ನಾಟಕದಲ್ಲಿ ಜನರೇ ಮುಂದೆ ಬಿದ್ದರು. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಶುರು ಮಾಡಿದರು. ಗಿಲಗಂಚಿ, ಅರಟಾಳ ಮನೆತನಗಳ ಹೆಸರು ಆ ಸಂಸ್ಥೆಯ ಪ್ರೌಢಶಾಲೆಯ ಮೇಲೂ, ಸಿರಸಂಗಿ ಲಿಂಗರಾಜರ ಹೆಸರು 1933ರ ಕಾಲೇಜಿನ ಮೇಲೂ ಉಳಿದಿರುವುದಕ್ಕೆ ಕಾರಣವಿದೆ. ಸಂಸ್ಥೆ ಮೊದಲು ದಾನಿಗಳ ನೆರವಿನಿಂದ ತನ್ನ ಕಾಲ ಮೇಲೆ ನಿಂತು ತೋರಿಸಬೇಕು, ಗ್ರ್ಯಾಂಟು ಆಮೇಲಿನ ಮಾತು. ಹೈದರಾಬಾದ್ ಕರ್ನಾಟಕದಲ್ಲಿ ದಾನಿಗಳೂ ವಿರಳ, ನಿಜಾಮ ಸರ್ಕಾರದ ಕನ್ನಡ ಶಾಲೆಗಳೂ ವಿರಳ. ಗ್ರ್ಯಾಂಟು ಕೇಳಲು ಶಾಲೆಯೇ ಇಲ್ಲದ ಕಡೆಗೆ ಗ್ರ್ಯಾಂಟು ಹರಿಯುವುದಾದರೂ ಹೇಗೆ? ಆ ಭಾಗದ ಹಿಂದುಳಿಯುವಿಕೆಗೆ ಸಂವಿಧಾನದ 371(ಜೆ) ವಿಧಿಯ ಮೂಲಕ ಪರಿಹಾರ ಹುಡುಕಲು 2012ರವರೆಗೆ ಕಾಯಬೇಕಾಯಿತು.

1956ರಲ್ಲಿ ಐದು ಆಡಳಿತಗಳ ತುಂಡುಗಳು ಒಂದು ರಾಜ್ಯವಾದಾಗ ಅನುದಾನದ ನಿಯಮಗಳೂ ಅಷ್ಟೇ ಬಗೆಯವಿದ್ದವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ, 1967ರ ಪ್ರೌಢಶಾಲಾ ಅನುದಾನ ಸಂಹಿತೆ ಆ ನಿಯಮಗಳನ್ನು ಒಂದೇ ಅಚ್ಚಿಗೆ ತಂದವು. ಆದರೂ ಹಣ ಆಡಳಿತ ಮಂಡಳಿಯ ಕೈದಾಟಿ ಶಿಕ್ಷಕರಿಗೆ ಹೋಗುತ್ತಿದ್ದಷ್ಟು ಕಾಲ ಒಂದು ನೋವು ಇದ್ದೇ ಇತ್ತು. ಬಟವಾಡೆ ಪಟ್ಟಿಯಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಹಾಕಿದ ಸಹಿಗೂ ಕೈಗೆ ಬಂದ ನೋಟುಗಳಿಗೂ ತಾಳೆಯಾಗದ ಶಾಲೆಗಳು ಎಷ್ಟೋ. ಉಳಿದದ್ದು ‘ಕಟ್ಟಡ ನಿಧಿ’ಗೆ. 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆ ಶಿಕ್ಷಕರ ನೌಕರಿಗೆ ರಕ್ಷಣೆ ಕೊಟ್ಟಿತು. ಮುಂದೆ ಸಂಬಳ ನೇರ ಬ್ಯಾಂಕ್ ಖಾತೆಗೆ ಬೀಳತೊಡಗಿದಾಗ ಆ ಹಳೆಯ ಅವಮಾನ ಬಹುಮಟ್ಟಿಗೆ ಕಳೆಯಿತು. ಅನುದಾನದ ಇತಿಹಾಸದಲ್ಲಿ ಶಿಕ್ಷಕರು ನಿಜಕ್ಕೂ ತಲೆಯೆತ್ತಿದ ಗಳಿಗೆ ಅದು.

ಸಂವಿಧಾನ ಈ ಹಣಕ್ಕೆ ಹೊಸ ಹೊಣೆ ಸೇರಿಸಿತ್ತು. ಸರ್ಕಾರದ ನೆರವು ಪಡೆಯುವ ಸಂಸ್ಥೆ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 29(2)ನೇ ವಿಧಿ ಹೇಳಿತು. ನೆರವು ಕೊಡುವಾಗ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಭೇದ ಎಣಿಸಬಾರದೆಂದು 30(2) ಹೇಳಿತು. ಉನ್ನತ ಶಿಕ್ಷಣಕ್ಕೆ 1953ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) ಶುರುವಾಗಿ 1956ರ ಕಾಯಿದೆಯಿಂದ ಶಾಸನಬದ್ಧವಾಯಿತು. ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್‌ಗಳಿಗೆ ಅದರ ಹಣ ಬರಬೇಕಾದರೆ ಕಾಲೇಜು ಆ ಕಾಯಿದೆಯ 12(ಬಿ) ಪಟ್ಟಿಯಲ್ಲಿರಬೇಕು. ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದಿತು. 2020ರ ಶಿಕ್ಷಣ ನೀತಿಯೂ ಶೇ 6ನ್ನೇ ಗುರಿಯೆಂದು ಬರೆದುಕೊಂಡಿದೆ.

1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಸೇರಿದ ಮೇಲೆ ಕೇಂದ್ರದ ಹಣ ಯೋಜನೆಗಳ ರೂಪದಲ್ಲಿ ಶಾಲೆಯ ಹೊಸ್ತಿಲಿಗೇ ಬರತೊಡಗಿತು. 1987ರ ಕಪ್ಪುಹಲಗೆ ಕಾರ್ಯಾಚರಣೆ ಕೇಳಿದ್ದು ಬಹಳ ಸರಳ: ಎರಡು ಕೊಠಡಿ, ಇಬ್ಬರು ಶಿಕ್ಷಕರು, ಒಂದಿಷ್ಟು ಸಾಮಗ್ರಿ. ಅಷ್ಟೂ ಇಲ್ಲದ ಶಾಲೆಗಳು ಸ್ವಾತಂತ್ರ್ಯದ ನಲವತ್ತು ವರ್ಷಗಳ ನಂತರವೂ ಇದ್ದವು ಎಂಬುದಕ್ಕೆ ಆ ಯೋಜನೆಯೇ ಸಾಕ್ಷಿ. ಸರ್ವ ಶಿಕ್ಷಾ ಅಭಿಯಾನ 2001ರಲ್ಲಿ ಬಂತು. ಕೇಂದ್ರ–ರಾಜ್ಯಗಳ ಪಾಲು ಮೊದಲು 85:15, ಆಮೇಲೆ 75:25, 2015ರಿಂದೀಚೆಗೆ 60:40. ರಾಜ್ಯದ ಹೊರೆ ಹೀಗೆ ಮೆಲ್ಲಗೆ ಏರಿತು. ಪ್ರಾಥಮಿಕ ಶಿಕ್ಷಣದ ಖರ್ಚಿಗೆಂದು 2004ರಲ್ಲಿ ಶೇ 2ರ ಶಿಕ್ಷಣ ಸೆಸ್ ಹಾಕಿ, ಬಂದದ್ದನ್ನು ವರ್ಷಾಂತ್ಯಕ್ಕೆ ರದ್ದಾಗದ ನಿಧಿಯಲ್ಲಿಡುವ ವ್ಯವಸ್ಥೆ ಮಾಡಿದರು.

ಶಾಲೆಯ ಮಟ್ಟದಲ್ಲಿ ಈ ಹಣ ಹೇಗಿತ್ತು? ಶಿಕ್ಷಕರಿಗೆ ತಲಾ 500 ರೂಪಾಯಿ, ಪಾಠೋಪಕರಣಕ್ಕೆ. ಶಾಲಾ ಅನುದಾನ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯದಕ್ಕೆ 7,000. ಕರ್ನಾಟಕ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ರಚಿಸಿ ಪೋಷಕರನ್ನು ಲೆಕ್ಕದ ಪಾಲುದಾರರನ್ನಾಗಿ ಮಾಡಿತು. ಜಂಟಿ ಖಾತೆಗೆ ಮುಖ್ಯ ಶಿಕ್ಷಕರ ಸಹಿಯ ಜತೆ ಅಧ್ಯಕ್ಷರ ಸಹಿ ಬೇಕು. ತಾನು ಶಾಲೆ ಕಲಿಯದಿದ್ದರೂ ಮಗಳು ಓದುವ ಶಾಲೆಯ ಚೆಕ್ಕಿನ ಮೇಲೆ ಹೆಸರು ಬರೆಯುವುದನ್ನು ಅಭ್ಯಾಸ ಮಾಡಿಕೊಂಡ ತಾಯಿತಂದೆಯರು ಈ ರಾಜ್ಯದಲ್ಲಿದ್ದಾರೆ. ಮೇಲುಸ್ತುವಾರಿ ಎಂಬ ದೊಡ್ಡ ಪದಕ್ಕೆ ಮೈ ಬಂದದ್ದು ಆ ಸಹಿಯಲ್ಲಿ. ಕಷ್ಟವೆಂದರೆ ಹಣ ಬರುವ ಕಾಲದ್ದು. ಜೂನ್‌ನಲ್ಲಿ ಬೇಕಾದ ಸೀಮೆಸುಣ್ಣದ ಹಣ ಫೆಬ್ರುವರಿಯಲ್ಲಿ ಬಂದರೆ, ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡುವ ಧಾವಂತ. ಮಳೆಗಾಲದುದ್ದಕ್ಕೂ ಸೋರಿದ ಹೆಂಚಿಗೆ ಆಗ ರಿಪೇರಿ.

ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುದಾನಕ್ಕೆ ಹೊಸದೊಂದು ಎಣಿಕೆ ಕೊಟ್ಟಿತು: ಖಾಸಗಿ ಶಾಲೆಯ ಶೇ 25 ಸೀಟುಗಳಿಗೆ ಸರ್ಕಾರವೇ ಶುಲ್ಕ ಭರಿಸುವುದು. ಕರ್ನಾಟಕ 2012ರಲ್ಲಿ ಇದನ್ನು ಆರಂಭಿಸಿ, ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ ಗರಿಷ್ಠ 11,848 ರೂಪಾಯಿ ನಿಗದಿ ಮಾಡಿತು. ಬಡ ಮಕ್ಕಳಿಗೆ ಬಾಗಿಲು ತೆರೆಯಿತು ನಿಜ. ಪಕ್ಕದ ಕನ್ನಡ ಶಾಲೆಯ ಹಾಜರಾತಿ ಕರಗಿದ್ದೂ ನಿಜ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸೀಟಿಲ್ಲ ಎಂದು 2019ರ ಹೊತ್ತಿಗೆ ನಿಯಮ ತಿದ್ದಲಾಯಿತು.

ಹಳೆಯ ಅರ್ಥದ ಅನುದಾನ ಅಷ್ಟರಲ್ಲಿ ಬತ್ತತೊಡಗಿತ್ತು. 1987ರ ನಂತರ ಆರಂಭವಾದ ಕನ್ನಡ ಶಾಲೆಗಳಿಗೆ ಬಾಗಿಲು ಮುಚ್ಚಿ, ದೀರ್ಘ ಹೋರಾಟದ ಮೇಲೆ 1994–95ರವರೆಗಿನವನ್ನು ಒಳಗೆ ಸೇರಿಸಿಕೊಂಡರು. 1995ರ ನಂತರದವುಗಳ ಬೇಡಿಕೆ ಪ್ರತಿ ಅಧಿವೇಶನದ ಹೊತ್ತಿಗೂ ಮೇಲೇಳುತ್ತದೆ. ಅನುದಾನ ಸಿಕ್ಕ ಶಾಲೆಗಳ ಪಾಡೂ ಸುಖದ್ದಲ್ಲ. ಹಣ ಬರುವುದು ಮಂಜೂರಾದ ಹುದ್ದೆಗೆ. ಗಣಿತದ ಮೇಷ್ಟರು ನಿವೃತ್ತರಾದರೆ ಆ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಅದು ಬರುವವರೆಗೆ ಆಡಳಿತ ಮಂಡಳಿ ತನ್ನ ಕೈಯಿಂದ ಅಷ್ಟಿಷ್ಟು ಗೌರವಧನ ಕೊಟ್ಟು ಇನ್ನೊಬ್ಬರನ್ನು ಇಟ್ಟುಕೊಳ್ಳುತ್ತದೆ. ಇಂಥ ಶಾಲೆಯಲ್ಲಿ ಶಿಕ್ಷಕರ ಹಾಜರಿ ಪುಸ್ತಕಗಳು ಎರಡಿರುತ್ತವೆ. ಇಲಾಖೆಗೆ ತೋರಿಸುವುದರಲ್ಲಿ ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತವೆ. ಮುಖ್ಯ ಶಿಕ್ಷಕರ ಮೇಜಿನ ಡ್ರಾಯರಿನಲ್ಲಿರುವ ನೋಟ್‌ಬುಕ್ಕಿನಲ್ಲಿ, ಮಕ್ಕಳಿಗೆ ನಿಜವಾಗಿ ಪಾಠ ಮಾಡುತ್ತಿರುವವರ ಹೆಸರುಗಳು ಹೆಚ್ಚುತ್ತ ಹೋಗುತ್ತವೆ.